ಯಜಮಾನ್ರು ಕಾರು ಜೋರು ಓಡಿಸ್ತಾರ, ಪಕ್ಕದಾಗ ಕೂಡಾಕ ಹೆದರಿಕಿ: ಏನಂತ ಹೇಳಬೇಕು?

ಪ್ರಶ್ನೆ: ಗಂಗಾವತಿ ಸೊಸೆ

ನಾವು ಇರೋದು ಗಂಗಾವತಿಯೊಳಗ, ನಮ್ಮ ಮನೆಯವರ ಊರು ಮಾನ್ವಿ ಹತ್ರ. ಕಾರಟಗಿ, ಸಿಂಧನೂರು ಮ್ಯಾಲೆ ಹೋಗಿ ಬರ್ತೀವಿ. ರೋಡು ಖಾಲಿ ಕಂಡ್ರ ಸಾಕು, ಮೀಟರ್ 100, 110ಕ್ಕ ಹೋಗತೈತಿ. ಮುಂದ ಲಾರಿ ಇದ್ರ ಅದರ ಬೆನ್ನಿಗೇ ಹತ್ತಿಕೊಂಡು ಹೋಗಿ, ಚೂರು ಜಾಗ ಸಿಕ್ಕ ಕೂಡ್ಲೆ ಬಲಕ್ಕ ಎಳೀತಾರ. ನನ್ನ ಬಲಗಾಲು ಇಲ್ಲದ ಬ್ರೇಕ್ ಒತ್ತತಿರತೈತಿ. ಹಿಂದಿನ ಸೀಟಿನ್ಯಾಗ ಅತ್ತಿ ಮತ್ತ ನಾಲ್ಕು ವರ್ಷದ ಮಗಳು. ಸಿಂಧನೂರು ಬರೋದ್ರೊಳಗ ಅತ್ತಿಗೆ ಹೊಟ್ಟಿ ತೊಳಸತೈತಿ, ಆದ್ರ ಮಗನಿಗೆ ಏನೂ ಅನ್ನಂಗಿಲ್ಲ.

"ನಿಧಾನ ರೀ" ಅಂದ್ರ "ನಿನಗ ಗಾಡಿ ಬರಂಗಿಲ್ಲ, ಸುಮ್ನ ಕೂಡು. ಇಷ್ಟು ವರ್ಷದಾಗ ಗಾಡಿಗೆ ಒಂದು ಗೀರು ಬಿದ್ದಿಲ್ಲ" ಅಂತಾರ. ಗೀರು ಬಿದ್ದಿಲ್ಲ ಅನ್ನೋದು ಖರೆ. ಹಂಗಾದ್ರ ನನ್ನ ಹೆದರಿಕಿ ಬರೀ ಮನಸ್ಸಿಂದೇನು, ಇಲ್ಲಾ ಅದಕ್ಕ ಆಧಾರ ಐತೇನು? ಈ ರೋಡಿಗೆ ಸರಿಯಾದ ಸ್ಪೀಡ್ ಎಷ್ಟು? ಜಗಳ ಆಗದಂಗ ಹೇಳೋದು ಹೆಂಗ? ಬಲ್ಲವರು ಲೆಕ್ಕ ಸಮೇತ ಹೇಳ್ರಿ, ಅವರು ಲೆಕ್ಕಕ್ಕ ಬೆಲೆ ಕೊಡ್ತಾರ.

ಡ್ರೈವಿಂಗ್ ಸ್ಕೂಲ್ ಮೇಷ್ಟ್ರು, ಸಿಂಧನೂರು

ಅಕ್ಕಾ, ಆಧಾರ ಇದೆ. ಸ್ಟೀರಿಂಗ್ ಹಿಡಿದವರಿಗೆ ತಾವು ಯಾವಾಗ ಬ್ರೇಕ್ ಒತ್ತುತ್ತೇವೆ, ಯಾವಾಗ ಬಲಕ್ಕೆ ಬರುತ್ತೇವೆ ಅನ್ನುವುದು ಮೊದಲೇ ಗೊತ್ತು. ಪಕ್ಕದವರಿಗೆ ಮೈ ಜಗ್ಗಿದ ಮೇಲೇ ಗೊತ್ತಾಗೋದು. ಇದರ ಜೊತೆ ಸೀಟಿನ ವಿಷಯವೂ ಇದೆ. ಲಾರಿ ಹಿಂದೆ ಇರುವಾಗ ಬಲಗಡೆ ಕೂತ ಡ್ರೈವರಿಗೆ ಎದುರಿನ ರಸ್ತೆ ಮೊದಲು ಕಾಣುತ್ತೆ. ಎಡಗಡೆ ಕೂತವರಿಗೆ ಲಾರಿಯ ಹಿಂಬಾಗಿಲು ಬಿಟ್ಟರೆ ಏನೂ ಕಾಣಲ್ಲ. ಕಾರು ಅರ್ಧಕ್ಕಿಂತ ಹೆಚ್ಚು ಹೊರಗೆ ಬಂದ ಮೇಲೆ ಎದುರಿಗೆ ಬಸ್ಸು ಪ್ರತ್ಯಕ್ಷ ಆಗುತ್ತೆ, ಎದೆ ಧಸಕ್ ಅನ್ನುತ್ತೆ. ಆ ಜಾಗದಲ್ಲಿ ಕೂತ ಯಾರಿಗಾದರೂ ಹಾಗೇ ಆಗೋದು. (ಇದೇ ಕಾರಣಕ್ಕೆ ಎಡ ಸೀಟಿನಿಂದ "ಖಾಲಿ ಐತಿ, ಹೋಗ್ರಿ" ಅಂತ ಯಾವತ್ತೂ ಹೇಳಬೇಡಿ.)

ಡ್ರೈವರಿಗೆ ಅರಿವಿಲ್ಲದೆ ಆಗುವುದು ಒಂದಿದೆ. ಅರ್ಧ ಗಂಟೆ 100ರಲ್ಲಿ ಓಡಿಸಿದ ಕಣ್ಣಿಗೆ 60 ಅಂದರೆ ತೆವಳಿದಂತೆ ಕಾಣುತ್ತೆ. ಹಾಗಾಗಿ ಕಾರಟಗಿ ಒಳಗೆ 70ರಲ್ಲಿ ಬಂದು "ನಿಧಾನಕ್ಕೇ ಬರ್ತಿದ್ದೀನಿ" ಅಂದುಕೊಳ್ಳುತ್ತಾರೆ. ಊರು ಬಂದಾಗ "ಇನ್ನೂ ಜೋರಿದ್ದೀವಿ" ಅಂತ ನಿಮಗೆ ಅನ್ನಿಸಿದರೆ ಮೀಟರ್ ನೋಡಿ, ಹೆಚ್ಚಿನ ಸಲ ನಿಮ್ಮ ಅಂದಾಜೇ ಸರಿ ಇರುತ್ತೆ.

ಕಾನೂನಿನ ಮಿತಿ: 2018ರ ಕೇಂದ್ರ ಅಧಿಸೂಚನೆ ಪ್ರಕಾರ ಕಾರಿಗೆ ನಡುವೆ ಡಿವೈಡರ್ ಇರುವ ನಾಲ್ಕು ಪಥದ ರಸ್ತೆಯಲ್ಲಿ 100, ಉಳಿದ ರಸ್ತೆಗಳಲ್ಲಿ 70. ಅದಕ್ಕಿಂತ ಕಡಿಮೆ ಬೋರ್ಡ್ ಇದ್ದರೆ ಬೋರ್ಡೇ ಅಂತಿಮ. ನಿಮ್ಮ ದಾರಿಯಲ್ಲಿ ಡಿವೈಡರ್ ಇಲ್ಲದ ಕಡೆಯೆಲ್ಲ 70. ಮೀರಿದರೆ ಕಾರಿಗೆ ದಂಡ 1000ದಿಂದ 2000 ರೂಪಾಯಿ.

ಈಗ ಲೆಕ್ಕ. ಒಣ ಡಾಂಬರು, ಒಳ್ಳೆಯ ಟೈರು, ಅಪಾಯ ಕಂಡು ಕಾಲು ಬ್ರೇಕಿಗೆ ಹೋಗಲು ಒಂದೂವರೆ ಸೆಕೆಂಡ್ ಅಂತ ಹಿಡಿಯಿರಿ. 70ರಲ್ಲಿ ಗಾಡಿ ಪೂರ್ತಿ ನಿಲ್ಲಲು ಸುಮಾರು 57 ಮೀಟರ್ ಬೇಕು. 100ರಲ್ಲಿ 98, 110ರಲ್ಲಿ 114. ಯಜಮಾನರಿಗೆ ತೋರಿಸಬೇಕಾದ್ದು ಇದರ ಮುಂದಿನ ಮಾತು: ಒಂದೇ ಎಮ್ಮೆ ಕಂಡು ಎರಡು ಕಾರು ಒಂದೇ ಜಾಗದಲ್ಲಿ ಬ್ರೇಕ್ ಹಾಕಿದರೆ, 70ರ ಕಾರು ನಿಂತಿರುವ ಜಾಗದಲ್ಲಿ 100ರ ಕಾರು ಇನ್ನೂ 85ರ ಆಸುಪಾಸಿನಲ್ಲಿ ಓಡುತ್ತಿರುತ್ತೆ. ಮೊದಲ 42 ಮೀಟರ್ ಬರೀ ಕಾಲು ಪೆಡಲ್ಲಿಗೆ ಹೋಗುವುದರಲ್ಲೇ ಕಳೆದಿರುತ್ತೆ. ಇಷ್ಟು ವರ್ಷ ಗೀರು ಬಿದ್ದಿಲ್ಲ ಅಂದರೆ ಆ ಎಮ್ಮೆ ಇನ್ನೂ ಅಡ್ಡ ಬಂದಿಲ್ಲ ಅಂತ ಮಾತ್ರ ಅರ್ಥ.

ಉಳಿಯುವ ಸಮಯ ಎಷ್ಟು? ಗಂಗಾವತಿಯಿಂದ ಸಿಂಧನೂರಿಗೆ 50 ಕಿ.ಮೀ. ಅಂತ ಹಿಡಿಯೋಣ. ಶ್ರೀರಾಮನಗರ, ಸಿದ್ದಾಪುರ, ಕಾರಟಗಿ, ನಡುನಡುವೆ ಕ್ಯಾಂಪು ಅನ್ನುವ ಸಣ್ಣ ಊರುಗಳು, ಹಂಪುಗಳು ಎಲ್ಲ ಕಳೆದರೆ ಜೋರು ಹೋಗಲು ಸಿಗುವುದು ಅರ್ಧ ದಾರಿ. ಆ 25 ಕಿ.ಮೀ. 70ರಲ್ಲಿ ಹೋದರೆ 21 ನಿಮಿಷ, 100ರಲ್ಲಿ ಹೋದರೆ 15. ಉಳಿದದ್ದು ಆರು ನಿಮಿಷ. ಮನೆಯಿಂದ ಹತ್ತು ನಿಮಿಷ ಮೊದಲು ಹೊರಟರೆ ಅದಕ್ಕಿಂತ ಹೆಚ್ಚು ಉಳಿಯುತ್ತೆ.

ಓವರ್‌ಟೇಕ್ ಬಗ್ಗೆ ಬಿಡಿಸಿ ಬರೆಯುತ್ತೇನೆ, ಯಾಕಂದರೆ ನಿಮ್ಮ ಹೆದರಿಕೆಯ ಬೇರು ಅಲ್ಲಿದೆ. 50ರಲ್ಲಿ ಹೋಗುವ ಲಾರಿಯನ್ನು 80ರಲ್ಲಿ ದಾಟಲು ಆರೇಳು ಸೆಕೆಂಡ್ ಬೇಕು, ಅಷ್ಟರಲ್ಲಿ ನೀವು 150 ಮೀಟರ್ ಹೋಗಿರುತ್ತೀರಿ. ಎದುರಿನ ಬಸ್ಸೂ 80ರಲ್ಲಿದ್ದರೆ ಅದೂ 150 ಮೀಟರ್ ಬಂದಿರುತ್ತೆ. ಅಂದರೆ ಕನಿಷ್ಠ 300 ಮೀಟರ್ ಖಾಲಿ ಕಾಣಬೇಕು, ಅಂದಾಜು ತಪ್ಪಿದರೆ ಇರಲಿ ಅಂತ ಮೇಲೆ ಇನ್ನೊಂದು 100. ಅಳೆಯೋದು ಹೇಗೆ? ಹೆದ್ದಾರಿ ಬದಿ ಕಿಲೋಮೀಟರ್ ಕಲ್ಲುಗಳ ನಡುವೆ 200 ಮೀಟರಿಗೊಂದು ಸಣ್ಣ ಕಲ್ಲು ನೆಟ್ಟಿರುತ್ತಾರೆ. ಎರಡು ಸಣ್ಣ ಕಲ್ಲಿನ ಅಂತರ ಎಷ್ಟು ಕಾಣುತ್ತೆ ಅಂತ ಕಣ್ಣಿಗೆ ಅಭ್ಯಾಸ ಮಾಡಿಸಿದರೆ 400 ಮೀಟರ್ ಅಂದಾಜು ತಾನಾಗಿ ಬರುತ್ತೆ. ಇನ್ನು ಲಾರಿಗೆ ಅಂಟಿಕೊಂಡರೆ ಬೇಗ ದಾಟಬಹುದು ಅನ್ನುವುದು ಪೂರ್ತಿ ಉಲ್ಟಾ. ಹತ್ತಿರ ಹೋದಷ್ಟೂ ಎದುರಿನ ರಸ್ತೆ ಕಾಣಲ್ಲ, ಇಣುಕಲು ಇಡೀ ಕಾರನ್ನೇ ಹೊರಗೆ ತರಬೇಕಾಗುತ್ತೆ. ಮೂರು ಸೆಕೆಂಡ್ ಹಿಂದೆ ಇದ್ದರೆ ಲಾರಿಯ ಪಕ್ಕದಿಂದ ದೂರದವರೆಗೆ ಕಾಣುತ್ತೆ, ಪಿಕಪ್ ತಗೊಳ್ಳಲು ಜಾಗವೂ ಇರುತ್ತೆ. ಲಾರಿ ಒಂದು ಕಂಬ ದಾಟಿದ ಕ್ಷಣದಿಂದ "ನೂರಾ ಒಂದು, ನೂರಾ ಎರಡು, ನೂರಾ ಮೂರು" ಅಂತ ಎಣಿಸಿ. ಮುಗಿಯುವ ಮೊದಲೇ ನೀವು ಆ ಕಂಬಕ್ಕೆ ಬಂದರೆ ಹತ್ತಿರ ಇದ್ದೀರಿ. ಮಳೆ ಬಂದರೆ ನೂರಾ ನಾಲ್ಕರವರೆಗೆ.

ರಾತ್ರಿಗೆ ಲೆಕ್ಕವೇ ಬೇರೆ. ಡಿಮ್ ಲೈಟಿನಲ್ಲಿ ಸ್ಪಷ್ಟವಾಗಿ ಕಾಣುವುದು 50 ಮೀಟರ್ ಆಸುಪಾಸು. 60ರಲ್ಲಿ ನಿಲ್ಲಲು 45 ಮೀಟರ್ ಬೇಕು, 80ರಲ್ಲಿ 69. ಎದುರು ಗಾಡಿ ಬರುವಾಗ ಡಿಮ್ ಮಾಡಿಕೊಂಡು 80ರಲ್ಲಿ ಹೋದರೆ ಕಂಡ ಮೇಲೆ ನಿಲ್ಲಿಸಲು ಆಗುವುದೇ ಇಲ್ಲ. ತುಂಗಭದ್ರಾ ಎಡದಂಡೆ ಕಾಲುವೆ ಭಾಗದಲ್ಲಿ ಭತ್ತದ ಸುಗ್ಗಿ ಬಂತೆಂದರೆ ಹಿಂದೆ ಲೈಟಿಲ್ಲದ ಟ್ರ್ಯಾಲಿ, ರಸ್ತೆ ಅಗಲಕ್ಕೂ ಬರುವ ಕಟಾವು ಮಷಿನ್, ಡಾಂಬರಿನ ಅರ್ಧಕ್ಕೆ ಒಣಹಾಕಿದ ಭತ್ತ, ಅದರ ಸುತ್ತ ಇಟ್ಟ ಕಲ್ಲು ಎಲ್ಲ ಇರುತ್ತವೆ. ಕತ್ತಲಲ್ಲಿ ಆ ಕಲ್ಲು ಕಾಣುವುದು ಕೊನೆಯ ಗಳಿಗೆಯಲ್ಲಿ.

ಟೈರ್ ಅಂಗಡಿ, ರಾಯಚೂರು

ಮೇಷ್ಟ್ರು ಹೇಳಿದ ಮೀಟರ್ ಲೆಕ್ಕ ಎಲ್ಲಾ ಟೈರು, ಶಾಕ್ ಅಬ್ಸಾರ್ಬರ್ ಸರಿ ಇದ್ರ ಮಾತ್ರ. ನಮ್ಮ ಕಡೆ ಎರಿ ಮಣ್ಣು. ಮಳಿ ಬಂದ್ರ ಉಬ್ಬತೈತಿ, ಬ್ಯಾಸಗ್ಯಾಗ ಬಿರಕು ಬಿಟ್ಟು ಕುಸಿತೈತಿ, ಅದರ ಮ್ಯಾಲಿನ ಡಾಂಬರು ಅಲಿ ಅಲಿ ಆಗತೈತಿ. ಆ ಅಲಿ ಮ್ಯಾಲೆ 100ರಾಗ ಹೋದ್ರ ಗಾಲಿ ನೆಲ ಬಿಟ್ಟು ಬಿಟ್ಟು ಓಡತಾವ. ನೆಲ ಬಿಟ್ಟ ಗಾಲಿಗೆ ಬ್ರೇಕೂ ಇಲ್ಲ, ಸ್ಟೇರಿಂಗೂ ಇಲ್ಲ. ಹಿಂದಿನ ಸೀಟು ಹಿಂದಿನ ಗಾಲಿ ಮ್ಯಾಲೇ ಇರೋದ್ರಿಂದ ಹಿಂದ ಕುಂತವರಿಗೆ ಇದು ಹೆಚ್ಚು ತಿಳಿತೈತಿ. ಮುಂದಿನವರಿಗೆ "ಗಾಡಿ ಮೆತ್ತಗ ಹೊಂಟೈತಿ" ಅನಸತಿರತೈತಿ.

ಗಾಡಿಯ ಒಂದು ಮೂಲಿ ಜೋರಾಗಿ ಒತ್ತಿ ಬಿಡ್ರಿ. ಒಂದು ಸಲ ಎದ್ದು ನಿಂತ್ರ ಶಾಕ್ ಸರಿ ಅದಾವ. ಎರಡು ಮೂರು ಸಲ ತೂಗಾಡಿದ್ರ ಹೋಗ್ಯಾವ.

ಟೈರಿನ ಗಾಳಿ: ಡ್ರೈವರ್ ಬಾಗಿಲ ಕಂಬದ ಮ್ಯಾಲೆ ಸ್ಟಿಕ್ಕರ್ ಇರತೈತಿ. ಅದರಾಗ ಇಬ್ಬರು ಕುಂತ್ರ ಎಷ್ಟು, ಪೂರ್ತಿ ಮಂದಿ ಮತ್ತ ಸಾಮಾನು ಇದ್ರ ಎಷ್ಟು ಅಂತ ಬ್ಯಾರೆ ಬ್ಯಾರೆ ಬರದಿರತಾರ. ಊರಿಗೆ ಹೊಂಟಾಗ ಎರಡನೇದು ನೋಡ್ರಿ. ಮುಂಜಾನೆ ಗಾಡಿ ತಣ್ಣಗಿದ್ದಾಗ ಹೊಡಸಬೇಕು. ಇಲ್ಲಿ ಭಾಳ ಮಂದಿ ಮಾಡೋ ತಪ್ಪು ಅಂದ್ರ "ಬ್ಯಾಸಗಿ, ಟೈರ್ ಒಡೀತೈತಿ" ಅಂತ ಗಾಳಿ ಕಡಿಮಿ ಹಾಕಸೋದು. ಗಾಳಿ ಕಡಿಮಿ ಇದ್ರ ಟೈರಿನ ಪಕ್ಕದ ಗೋಡಿ ಸುತ್ತು ಸುತ್ತಿಗೂ ಮಡಚಿ ಬಿಚ್ಚತೈತಿ, ಆ ಮಡಚಾಟದ ಕಾವಿಗೇ ಒಡಿಯೋದು. 42 ಡಿಗ್ರಿ ಬಿಸಲಾಗ 110 ಸ್ಪೀಡು, ಗಾಡಿ ತುಂಬ ಮಂದಿ, ಗಾಳಿ ಕಡಿಮಿ: ಈ ಮೂರೂ ಕೂಡಬಾರದು. ದಾರ್ಯಾಗ ಟೈರ್ ಕಾದಿದ್ದಾಗ ಗಾಳಿ ಹೆಚ್ಚು ತೋರಿಸತೈತಿ, ಹೆಚ್ಚಾತು ಅಂತ ಗಾಳಿ ತಗಿಬ್ಯಾಡ್ರಿ.

ವಯಸ್ಸು: ಟೈರಿನ ಮ್ಯಾಲೆ ಡಾಟ್ (DOT) ಅಂತ ಶುರುವಾಗೋ ಸಾಲಿನ ಕಡೀ ನಾಲ್ಕು ಅಂಕಿ ನೋಡ್ರಿ. 2319 ಇದ್ರ 2019ರ 23ನೇ ವಾರದ್ದು. ಐದಾರು ವರ್ಷ ದಾಟಿದ್ದು ಟೈರಿನ ಅಚ್ಚಿನ ಗೀರು ಆಳ ಇದ್ರೂ ರಬ್ಬರ್ ಗಟ್ಟಿ ಆಗಿರತೈತಿ. ಆ ಗೀರಿನ ಆಳ ಸವೆದು 1.6 ಮಿ.ಮೀ.ಗೆ ಇಳೀತಂದ್ರ ಕಾಯ್ದಿ ಪ್ರಕಾರನೂ ಮುಗೀತು.

ರೋಡಿನ ಅಂಚು ಸಹಿತ ನೋಡ್ರಿ. ಎಡಗಾಲಿ ಡಾಂಬರ್ ಬಿಟ್ಟು ಎರಿ ಮಣ್ಣಿಗೆ ಇಳಿದ್ರ ಗಾಬರಿಯಾಗಿ ಬಲಕ್ಕ ಜಗ್ಗಬಾರದು, ಬ್ರೇಕೂ ಒದಿಬಾರದು. ಜಗ್ಗಿದ್ರ ಗಾಲಿ ಅಂಚಿಗೆ ಸಿಕ್ಕೊಂಡು, ಒಮ್ಮೆಲೆ ಹತ್ತಿ, ಗಾಡಿ ಎದುರಿನ ಕಡೆ ಹೋಗತೈತಿ ಇಲ್ಲಾ ಉಳ್ಳತೈತಿ. ಎಕ್ಸಲೇಟರ್ ಬಿಟ್ಟು, ಸ್ಟೇರಿಂಗ್ ನೆಟ್ಟಗ ಹಿಡದು, 30ಕ್ಕ ಬಂದ ಮ್ಯಾಲೆ ಹತ್ತಿಸ್ಕೋಬೇಕು. ಪಕ್ಕದಾಗ ಕುಂತವರು ಆ ಹೊತ್ತಿನ್ಯಾಗ ಸ್ಟೇರಿಂಗ್ ಮುಟ್ಟಬಾರದು.

ಕುಷ್ಟಗಿ ರೋಡು

ಡ್ರೈವರ್ ಪರವಾಗಿಯೂ ಒಂದು ಮಾತು. ಎಲ್ಲಾ ಕಡೆ 70 ಅನ್ನೋದು ಸರಿಯಲ್ಲ. ಹೊಸಪೇಟೆ, ಕುಷ್ಟಗಿ, ಹುನಗುಂದದ ರಾಷ್ಟ್ರೀಯ ಹೆದ್ದಾರಿ ಸಂಖ್ಯೆ 50 ನಾಲ್ಕು ಪಥದ್ದು, ಅಲ್ಲಿ 100 ಕಾನೂನೇ ಕೊಟ್ಟಿದ್ದು. ಅಲ್ಲಿಯೂ ಪಕ್ಕದವರು ಡ್ಯಾಶ್‌ಬೋರ್ಡ್ ಹಿಡಿದು "ಅಯ್ಯೋ" ಅಂತ ಕೂಗಿದರೆ ಡ್ರೈವರ್ ತಿರುಗಿ ನೋಡುತ್ತಾನೆ. 100ರಲ್ಲಿ ಒಂದು ಸೆಕೆಂಡ್ ತಿರುಗಿದರೆ 28 ಮೀಟರ್ ಕುರುಡಾಗಿ ಹೋದ ಹಾಗೆ. ಓವರ್‌ಟೇಕ್ ಅರ್ಧದಲ್ಲಿದ್ದಾಗ "ಬ್ಯಾಡ ಬ್ಯಾಡ" ಅಂದರೆ ಇನ್ನೂ ಕೆಟ್ಟದ್ದು, ಹೋಗಬೇಕೋ ಹಿಂದೆ ಸರಿಯಬೇಕೋ ತಿಳಿಯದೆ ನಡುವೆ ಸಿಕ್ಕಿಕೊಳ್ಳುತ್ತಾನೆ. ಇನ್ನೊಂದು, ಸ್ಪೀಡೋಮೀಟರ್ ನಿಜಕ್ಕಿಂತ ಸ್ವಲ್ಪ ಹೆಚ್ಚೇ ತೋರಿಸುತ್ತೆ. ಮೀಟರಿನ 100 ಜಿಪಿಎಸ್‌ನಲ್ಲಿ 95ರ ಹತ್ತಿರ ಇರಬಹುದು.

ಡ್ರೈವಿಂಗ್ ಸ್ಕೂಲ್ ಮೇಷ್ಟ್ರು, ಸಿಂಧನೂರು

ಕೂಗಬಾರದು ಅನ್ನುವುದನ್ನು ಪೂರ್ತಿ ಒಪ್ಪುತ್ತೇನೆ. ಮೀಟರ್ ಮಾತು ನಿಜ, ಆದರೆ ಅದರಿಂದ 110 ಹೋಗಿ 70 ಆಗಲ್ಲ. ಕುಷ್ಟಗಿ ಹೆದ್ದಾರಿಯಲ್ಲೂ 100 ಅನ್ನುವುದು ಮೇಲಿನ ಮಿತಿ, ಅಷ್ಟೇ ವೇಗ ಇಟ್ಟುಕೊಳ್ಳಲೇಬೇಕು ಅಂತಲ್ಲ. ಡಿವೈಡರ್ ತೆರೆದಿರುವ ಕಡೆ ಬೈಕು, ಕುರಿ ಹಿಂಡು ಅಡ್ಡ ಬರುತ್ತವೆ, ಸುತ್ತಿ ಬರೋದು ತಪ್ಪಿಸಲು ಟ್ರ್ಯಾಕ್ಟರು ರಾಂಗ್ ಸೈಡಿನಲ್ಲೇ ಬರುತ್ತೆ. ಅಂಥ ಜಾಗ ದೂರದಿಂದ ಕಂಡ ಕೂಡಲೇ 80ಕ್ಕೆ ಇಳಿಸಿ ಕಾಲನ್ನು ಬ್ರೇಕಿನ ಮೇಲೆ ತಂದಿಟ್ಟುಕೊಳ್ಳುವ ಡ್ರೈವರ್ ಪಕ್ಕದಲ್ಲಿ ಯಾರಿಗೂ ಹೆದರಿಕೆ ಆಗಲ್ಲ. ಸಂಖ್ಯೆಗಿಂತ ಇದು ಮುಖ್ಯ: ಮುಂದಿನದ್ದು ಇವರಿಗೆ ಕಂಡಿದೆ ಅಂತ ಪಕ್ಕದವರಿಗೆ ಗೊತ್ತಾಗಬೇಕು. ಎಕ್ಸಲೇಟರ್ ಸ್ವಲ್ಪ ಮೊದಲೇ ಬಿಟ್ಟರೆ ಸಾಕು, ಗೊತ್ತಾಗುತ್ತೆ.

ನರ್ಸ್, ಬಳ್ಳಾರಿ

ಅತ್ತೆಯವರ ವಾಂತಿಗೆ ಬರೋಣ. ಹೊಟ್ಟೆ ತೊಳಸುವುದಕ್ಕೆ ಬರೀ ವೇಗ ಕಾರಣ ಅಲ್ಲ. ಜಗ್ಗಿ ಎಳೆದು ಮತ್ತೆ ಬ್ರೇಕ್ ಒತ್ತುವುದು, ಎಡಕ್ಕೆ ಬಲಕ್ಕೆ ತೂಗುವುದು, ಇದು ಪದೇ ಪದೇ ಆದಾಗ ಕಿವಿಯೊಳಗಿನ ಸಮತೋಲನದ ಅಂಗ ಒಂದು ಹೇಳುತ್ತೆ, ಮುಂದಿನ ಸೀಟಿನ ಬೆನ್ನು ನೋಡುತ್ತಿರುವ ಕಣ್ಣು ಇನ್ನೊಂದು ಹೇಳುತ್ತೆ. ಡ್ರೈವರಿಗೆ ವಾಂತಿ ಬರುವುದು ಅಪರೂಪ, ತಿರುವು ಎಲ್ಲಿ ಬರುತ್ತೆ ಅಂತ ಅವರಿಗೆ ಮೊದಲೇ ಗೊತ್ತಿರುತ್ತೆ. ಅತ್ತೆಯವರನ್ನು ಮುಂದೆ ಕೂರಿಸಿ, ದೂರದ ರಸ್ತೆ ನೋಡಲು ಹೇಳಿ, ಎಸಿ ಗಾಳಿ ಮುಖಕ್ಕೆ ಬರಲಿ, ಹೊರಡುವ ಮೊದಲು ಮಿರ್ಚಿ, ಒಗ್ಗರಣೆ ಮಂಡಕ್ಕಿ ಬೇಡ, ಎರಡು ಇಡ್ಲಿ ಸಾಕು. ವಾಂತಿ ಮಾತ್ರೆ ಹೊರಡುವ ಮುಂಚೆ ತಗೊಳ್ಳಬೇಕು, ಶುರುವಾದ ಮೇಲೆ ನುಂಗಿದರೆ ಹೊಟ್ಟೆಯಲ್ಲಿ ನಿಲ್ಲಲ್ಲ. ಬಿಪಿ, ಶುಗರ್ ಮಾತ್ರೆ ನಡೀತಿದ್ದರೆ ಡಾಕ್ಟರನ್ನು ಕೇಳಿಯೇ ಕೊಡಿ, ಕೆಲವು ಮಾತ್ರೆಗೆ ವಯಸ್ಸಾದವರಿಗೆ ತಲೆ ತಿರುಗುತ್ತೆ. ಮಗ ಗಾಡಿ ಹದವಾಗಿ ಓಡಿಸಿದರೆ ಮಾತ್ರೆ ಬೇಕಾಗದೆಯೂ ಇರಬಹುದು.

ಅವರು ಮುಂದೆ ಬಂದರೆ ನೀವು ಮಗಳ ಪಕ್ಕ ಹಿಂದೆ ಕೂರಿ. ಮಗು ತೊಡೆ ಮೇಲೆ ಬೇಡ. 16 ಕಿಲೋ ತೂಕದ ಮಗು ಅಂತ ಇಟ್ಟುಕೊಳ್ಳಿ. 50ರ ವೇಗದಲ್ಲಿ ಗುದ್ದಿದರೆ ಆ ಗಳಿಗೆಯಲ್ಲಿ ಮಗು ನಿಮ್ಮ ಕೈಯನ್ನು ಎರಡು ಕ್ವಿಂಟಾಲಿಗಿಂತ ಹೆಚ್ಚಿನ ಭಾರದಲ್ಲಿ ಎಳೆಯುತ್ತೆ. ಯಾವ ತಾಯಿಯ ಕೈಗೂ ಅದು ಹಿಡಿಯಲು ಸಾಧ್ಯವಿಲ್ಲ. ಈ ವಯಸ್ಸಿಗೆ ಬೆಲ್ಟ್ ಇರುವ ಚೈಲ್ಡ್ ಸೀಟು, ಹಿಂದಿನ ಸೀಟಿಗೆ ಬಿಗಿದು. ಬಿಗಿದ ಮೇಲೆ ಬುಡದಲ್ಲಿ ಹಿಡಿದು ಅಲ್ಲಾಡಿಸಿ, ಒಂದು ಇಂಚಿಗಿಂತ ಹೆಚ್ಚು ಸರಿಯಬಾರದು.

ಹಿಂದಿನ ಸೀಟಿಗೂ ಬೆಲ್ಟ್ ಕಡ್ಡಾಯ, ಹಾಕದಿದ್ದರೆ ದಂಡ 1000 ರೂಪಾಯಿ. ನಮ್ಮ ಕಡೆ ಸೀಟ್ ಕವರ್ ಹಾಕಿಸುವಾಗ ಹಿಂದಿನ ಬಕಲ್‌ಗಳು ಕವರಿನ ಕೆಳಗೆ ಹೂತುಹೋಗಿರುತ್ತವೆ. ಇವತ್ತೇ ತೆಗೆಸಿ ಹೊರಗೆ ತನ್ನಿ. ಬೀಪ್ ನಿಲ್ಲಿಸಲು ಬಕಲ್ಲಿಗೆ ಸಿಕ್ಕಿಸುವ ಖಾಲಿ ಕ್ಲಿಪ್ ಇದ್ದರೆ ಬಿಸಾಡಿ. ಸೊಂಟದ ಪಟ್ಟಿ ಹೊಟ್ಟೆ ಮೇಲೆ ಅಲ್ಲ, ಕೆಳಗೆ ಸೊಂಟದ ಎಲುಬಿನ ಮೇಲೆ ಬರಬೇಕು. ಸೀರೆ ನೆರಿಗೆ ದಪ್ಪ ಇದ್ದರೆ ಪಟ್ಟಿ ಮೇಲೆ ಜಾರುತ್ತೆ, ಒಮ್ಮೆ ಕೆಳಗೆ ಎಳೆದು ಬಿಗಿ ಮಾಡಿಕೊಳ್ಳಿ. ಬಸುರಿಯರಿಗೂ ಹಾಗೇ: ಕೆಳಪಟ್ಟಿ ಹೊಟ್ಟೆಯ ಅಡಿಗೆ, ಮೇಲಿನ ಪಟ್ಟಿ ಎದೆಯ ನಡುವಿಂದ ಹೊಟ್ಟೆಯ ಪಕ್ಕಕ್ಕೆ. ಮುಂದೆ ಕೂತಾಗ ಕಾಲು ಡ್ಯಾಶ್‌ಬೋರ್ಡ್ ಮೇಲೆ ಇಡಲೇಬಾರದು, ಏರ್‌ಬ್ಯಾಗ್ ಬಿಚ್ಚಿಕೊಂಡರೆ ತೊಡೆ ಎಲುಬು ಮುರಿಯುತ್ತೆ.

ಗಂಗಾವತಿ ಸೊಸೆ

ಎಲ್ಲರಿಗೂ ಶರಣು. ಬಕಲ್ ಖರೇನ ಕವರಿನ ಕೆಳಗ ಅದಾವ. ಅತ್ತಿ ಮುಂದ ಮಾತು ತಗದ್ರ ಅವಮಾನ ಅಂತ ಸಿಟ್ಟು ಬರತೈತಿ. ಶುರು ಹೆಂಗ ಮಾಡ್ಲಿ?

ಲಿಂಗಸುಗೂರು ಅಕ್ಕ

ತಂಗಿ, ಗಾಡಿ ಓಡುವಾಗ ಮಾತು ಬೇಡ, ಅತ್ತೆ ಮುಂದೆಯೂ ಬೇಡ. ಹಿಂದಿನ ದಿನ ರಾತ್ರಿ ಊಟ ಆದ ಮೇಲೆ ಇಬ್ಬರೇ ಇದ್ದಾಗ ಹೇಳು. "ನೀವು ಜೋರು ಓಡಿಸ್ತೀರಿ" ಅಂದರೆ ಅವರ ಕೈಚಳಕದ ಮೇಲೆ ಮಾತು ಬಂದ ಹಾಗಾಗುತ್ತೆ. "ಲಾರಿ ಹಿಂದೆ ಇದ್ದಾಗ ನನಗೆ ಎದುರಿನದ್ದು ಕಾಣಂಗಿಲ್ಲ, ಮೂರು ಸೆಕೆಂಡ್ ಬಿಟ್ಟು ಬಂದ್ರ ನನಗೂ ಕಾಣತೈತಿ" ಅನ್ನು. ಅದರಲ್ಲಿ ತಪ್ಪು ಯಾರದೂ ಇಲ್ಲ, ಮಾಡಬೇಕಾದ ಕೆಲಸ ಮಾತ್ರ ಇದೆ. "ನಿಧಾನ" ಅನ್ನುವ ಪದವನ್ನು ಬಿಟ್ಟುಬಿಡು, ಎಷ್ಟು ನಿಧಾನ ಅಂತ ಅದರಿಂದ ಯಾರಿಗೂ ತಿಳಿಯಲ್ಲ.

ಒಂದೇ ಸಲ ಎಲ್ಲ ಕೇಳಬೇಡ. ಮೊದಲು ಅಂತರ ಮತ್ತು ಓವರ್‌ಟೇಕ್. ಅದು ಸರಿಯಾದರೆ ಅರ್ಧ ಹೆದರಿಕೆ ಹೋಗುತ್ತೆ, ವೇಗವೂ ತಾನಾಗಿ ಇಳಿಯುತ್ತೆ, ಯಾಕಂದರೆ ಮೂರು ಸೆಕೆಂಡ್ ಬಿಡುವವರು ಲಾರಿಯ ವೇಗಕ್ಕೆ ಬರಲೇಬೇಕು. ಆಮೇಲೆ ಮಿತಿ. ಒಬ್ಬರೇ ಇದ್ದಾಗಲೂ ಕಾನೂನು ಒಂದೇ, ಆದರೆ ಮಗಳು ಗಾಡಿಯಲ್ಲಿದ್ದಾಗ 70 ಅಂತ ಇಬ್ಬರೂ ಸೇರಿ ನಿಶ್ಚಯ ಮಾಡಿ. ಕಾರಿನ ಸೆಟ್ಟಿಂಗ್‌ನಲ್ಲಿ ವೇಗದ ಅಲರ್ಟ್ ಇದ್ದರೆ ಅಷ್ಟಕ್ಕೆ ಇಡಿ. 2019ರ ಜುಲೈನಿಂದ ಹೊಸ ಕಾರುಗಳಿಗೆ ಬಂದ ಎಚ್ಚರಿಕೆ 80 ದಾಟಿದ ಮೇಲೆ ಬೀಪ್ ಅನ್ನುವುದು, ನಿಮ್ಮ ರಸ್ತೆಗೆ ಅದು ತಡ. ಹೆಂಡತಿ ಹೇಳುವುದರ ಬದಲು ಗಾಡಿ ಹೇಳಿದರೆ ಜಗಳ ಕಡಿಮೆ.

ದಾರಿಯಲ್ಲಿ ಹೇಳಲೇಬೇಕಾದರೆ ಕಂಡದ್ದನ್ನು ಮಾತ್ರ ಹೇಳು: "ಎಡಕ್ಕ ಎತ್ತಿನ ಬಂಡಿ", "ಮುಂದ ಹಂಪು". ಅದು ಸಹಾಯ ಅನ್ನಿಸುತ್ತೆ. ಮೈ ನಡುಗುವಷ್ಟು ಹೆದರಿಕೆ ಆದರೆ "ಮಗಳಿಗೆ ನೀರು ಕುಡಿಸಬೇಕು, ಮುಂದಿನ ಹೋಟೆಲ್ ಹತ್ರ ನಿಲ್ಲಸ್ರಿ" ಅಂತ ಇಳಿ. ಚಹಾ ಕುಡಿದು ಹತ್ತು ನಿಮಿಷ ಕಳೆದರೆ ಜೋರಿಗೆ ಹೊಂದಿಕೊಂಡ ಅವರ ಕಣ್ಣೂ ಸರಿಹೋಗುತ್ತೆ. ಚೆನ್ನಾಗಿ ಓಡಿಸಿದ ದಿನ "ಇವತ್ತು ಅತ್ತಿಗೆ ಏನೂ ಆಗ್ಲಿಲ್ಲ ನೋಡ್ರಿ" ಅಂತ ಬಾಯಿ ಬಿಟ್ಟು ಹೇಳು.

ಇನ್ನೊಂದನ್ನು ಬೇರೆಯಾಗಿ ಇಟ್ಟುಕೋ. ಹೆದರಿಕೆ ಆಗುತ್ತೆ ಅಂತ ಹೇಳಿದ ಮೇಲೆ ಸಿಟ್ಟಿನಿಂದ, ನಿನ್ನನ್ನು ಹೆದರಿಸಲಿಕ್ಕೇ ಇನ್ನೂ ಜೋರು ಮಾಡಿದರೆ ಅದು ಡ್ರೈವಿಂಗ್ ವಿಷಯ ಅಲ್ಲ. ಆ ಹೊತ್ತಿನಲ್ಲಿ ವಾದ ಮಾಡಬೇಡ, ಗಾಡಿ ನಿಂತ ಕಡೆ ಮಗಳನ್ನು ಕರೆದುಕೊಂಡು ಇಳಿ. ಮನೆಯಲ್ಲಿ ಅವರು ಮಾತು ಕೇಳುವ ಹಿರಿಯರಿಗೆ ತಿಳಿಸು, ಮಹಿಳಾ ಸಹಾಯವಾಣಿ 181 ಇದೆ. ನಿನ್ನ ಯಜಮಾನರು ಲೆಕ್ಕಕ್ಕೆ ಬೆಲೆ ಕೊಡ್ತಾರೆ ಅಂತ ನೀನೇ ಬರೆದಿದ್ದೀಯ, ಹಾಗಾಗಿ ಮೇಷ್ಟ್ರು ಬರೆದದ್ದನ್ನು ಮೊದಲು ಓದಿಸು. ಗಾಡಿಯಲ್ಲಿ ಕೂತಾಗ ಕಂಬ ನೋಡಿ "ನೂರಾ ಒಂದು" ಎಣಿಸುವ ಕೆಲಸ ಮಗಳಿಗೆ ಕೊಡು, ಅಪ್ಪ ಮಗಳಿಗೆ ಇಲ್ಲ ಅನ್ನಲ್ಲ.